ಸಿಗ್‌ಹಪ್

ಸಿಗ್‌ಹಪ್ ಎಂಬುದು ಯುನಿಕ್ಸ್ ಹಾಗೂ ತತ್ಸದೃಶ ಕಾರ್ಯಾಚರಣ ವ್ಯವಸ್ಥೆಗಳಲ್ಲಿ, ನಿಯಂತ್ರಕ ಟರ್ಮಿನಲ್ಲಿನ ಸಂಪರ್ಕವು ಕಡಿದುಹೋದುದನ್ನು ಪ್ರಕ್ರಿಯೆಗಳಿಗೆ ತಿಳಿಯಪಡಿಸುವ 1ನೆಯ ಕ್ರಮಾಂಕದ ಸಂಜ್ಞೆ. ಮೋಡೆಮಿನ ಮೂಲಕ ದೂರವಾಣಿ ತಂತಿಗೆ ಜೋಡಿಸಿದ ಟರ್ಮಿನಲ್ಲುಗಳ ಕಾಲದಲ್ಲಿ, ಕರೆ ಕಡಿದಾಗ ಹೊರಡುತ್ತಿದ್ದ ಈ ಸೂಚನೆಯು ಇಂದಿನ ಎಸ್‌ಎಸ್‌ಎಚ್ ಸಂಪರ್ಕಗಳಿಗೂ ಯಥಾವತ್ತಾಗಿ ಅನ್ವಯಿಸುತ್ತ ಬಂದಿದೆ. ಇದನ್ನು ಗ್ರಹಿಸುವ ಅಥವಾ ಅಲಕ್ಷಿಸುವ ಏರ್ಪಾಡಿಲ್ಲದ ಪ್ರಕ್ರಿಯೆ ಅಲ್ಲಿಗೇ ಕೊನೆಗೊಳ್ಳುತ್ತದೆ.

ಶೆಲ್ ನಿರ್ಗಮಿಸಿದೊಡನೆ ಹಿನ್ನೆಲೆಯ ಕೆಲಸಗಳೆಲ್ಲ ನಾಶವಾಗುವುವೆಂಬ ಗ್ರಹಿಕೆ ಅರ್ಧಸತ್ಯ. ಬ್ಯಾಷ್ ಶೆಲ್, ಸಂಪರ್ಕ ಕಡಿದು ತಾನೇ ಸಿಗ್‌ಹಪ್ಪನ್ನು ಪಡೆದಾಗ ಅದನ್ನು ತನ್ನ ಎಲ್ಲ ಕೆಲಸಗಳಿಗೂ ರವಾನಿಸುತ್ತದೆ. ಆದರೆ ಬಳಕೆದಾರನು ಎಕ್ಸಿಟ್ ಆದೇಶವಿತ್ತು ಹೊರಬಂದಾಗ, ಹಪ್‌ಆನ್‌ಎಕ್ಸಿಟ್ ಎಂಬ ಆಯ್ಕೆಯನ್ನು ಮೊದಲೇ ಸಕ್ರಿಯಗೊಳಿಸದ ಹೊರತು, ಶೆಲ್ ಹಾಗೆ ಮಾಡದ ಕಾರಣ, ಚಾಲನೆಯಲ್ಲಿರುವ ಪ್ರಕ್ರಿಯೆಗಳು ಅನಾಥವಾಗಿ, ಸಾಮಾನ್ಯವಾಗಿ ಇನಿಟ್ ಪ್ರಕ್ರಿಯೆಯ ಆಶ್ರಯದಲ್ಲಿ ಮುಂದುವರಿಯುವುವು. ಹಾಗೆ ಉಳಿದವು ಕೂಡ, ಮುಚ್ಚಿಹೋದ ಟರ್ಮಿನಲ್ಲಿಗೆ ಬರೆಯಹೊರಟರೆ ದೋಷವನ್ನೇ ಎದುರಿಸಬೇಕಾಗುತ್ತದೆ. ಝಡ್‌ಶೆಲ್ಲಾದರೋ ನಿರ್ಗಮನಕಾಲದಲ್ಲಿಯೂ ಸಂಜ್ಞೆಯನ್ನು ಕಳುಹುವುದನ್ನೇ ಪೂರ್ವನಿಶ್ಚಿತ ಕ್ರಮವಾಗಿ ಇರಿಸಿಕೊಂಡಿದೆ. ಸ್ಥಗಿತಗೊಂಡ ಕೆಲಸಗಳ ಗತಿ ಬೇರೆ: ಅವುಗಳ ಪ್ರಕ್ರಿಯಾಗುಂಪು ಅನಾಥವಾದಾಗ ಕರ್ನೆಲ್ಲೇ ಸಿಗ್‌ಹಪ್ಪನ್ನೂ ಅದರ ಬೆನ್ನಿಗೇ ಮುಂದುವರಿಕೆಯ ಸಂಜ್ಞೆಯಾದ ಸಿಗ್‌ಕಾಂಟನ್ನೂ ಕಳುಹುವುದರಿಂದ, ಅವು ಸಾಮಾನ್ಯವಾಗಿ ಕೊನೆಗೊಳ್ಳುತ್ತವೆ.

ದೀರ್ಘಕಾಲ ನಡೆಯಬೇಕಾದ ಗಣನೆಗಳ ರಕ್ಷಣೆಗೆ ಹಲವು ಉಪಾಯಗಳುಂಟು. ನೋಹಪ್ ಆದೇಶವು ಪ್ರಕ್ರಿಯೆ ಈ ಸಂಜ್ಞೆಯನ್ನು ಅಲಕ್ಷಿಸುವಂತೆ ಮಾಡಿ, ಟರ್ಮಿನಲ್ಲಿಗೆ ಹೋಗಬೇಕಾದ ಫಲಿತವನ್ನು ಕಡತಕ್ಕೆ ತಿರುಗಿಸುತ್ತದೆ. ಡಿಸೋನ್, ಕೆಲಸವನ್ನು ಶೆಲ್ಲಿನ ಪಟ್ಟಿಯಿಂದ ತೆಗೆದುಹಾಕುತ್ತದೆ. ಸ್ಕ್ರೀನ್ ಮತ್ತು ಟಿಮಕ್ಸ್‌ಗಳು ಟರ್ಮಿನಲ್ಲನ್ನೇ ಜೀವಂತವಾಗಿರಿಸುವುದರಿಂದ ಇವೆಲ್ಲಕ್ಕಿಂತ ಸಮರ್ಪಕವಾದುವು. ಟರ್ಮಿನಲ್ಲಿನ ಹಂಗಿಲ್ಲದ ಡೀಮನ್ ಪ್ರಕ್ರಿಯೆಗಳಲ್ಲಿ ಇದೇ ಸಂಜ್ಞೆ, ವಿನ್ಯಾಸ ಕಡತಗಳನ್ನು ಪುನಃ ಓದಿಕೊಳ್ಳಬೇಕೆಂಬ ಸೂಚನೆಯಾಗಿ ರೂಢಿಗೊಂಡಿದೆ.