ಕಾರ್ಬೊರೇಟರ್ ಹೋಯ್ತು, ಕಂಪ್ಯೂಟರ್ ಬಂತು

ಇತ್ತೀಚೆಗೆ ಹೊಸ ಕಾರು ತಗೊಂಡ ಯಾರನ್ನೇ ಕೇಳಿ, ದೂರು ಒಂದೇ. "ಇದು ಕಾರೋ, ಕಂಪ್ಯೂಟರೋ?" ಬೆಲ್ಟ್ ಹಾಕದಿದ್ದರೆ ಕಿರುಚುತ್ತೆ, ಸ್ಪೀಡ್ ಎಂಬತ್ತು ದಾಟಿದರೆ ಕಿರುಚುತ್ತೆ, ಹಿಂದಕ್ಕೆ ತೆಗೆದರೂ ಕಿರುಚುತ್ತೆ. ಎಸಿ ಸ್ವಲ್ಪ ಕಡಿಮೆ ಮಾಡೋಣ ಅಂದ್ರೆ ಸ್ಕ್ರೀನ್ ಮೇಲೆ ಮೂರು ಸಲ ಬೆರಳಾಡಿಸಬೇಕು. ನಾನು ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯುವವನು. ನನಗೂ ರೇಗುತ್ತೆ! ಹಾಗಂತ "ಹಳೇ ಕಾಲವೇ ಚೆಂದ" ಅಂತ ಬರೆದು ಕೈತೊಳೆದುಕೊಳ್ಳೋದು ಸುಲಭ. ಈ ಕಂಪ್ಯೂಟರನ್ನ ಕಾರಿನೊಳಗೆ ಕರೆದವರು ಯಾರು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ ಬನ್ನಿ.

ನಮ್ಮೂರು ಐರಣಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆ ಮೇಲಿದೆ. ಗಾಡಿ ಕೆಟ್ಟರೆ ರಾಣೆಬೆನ್ನೂರಿಗೆ ಒಯ್ಯಬೇಕು, ಪುಣೆ-ಬೆಂಗಳೂರು ರಸ್ತೆಯ ಪಕ್ಕದ ಗ್ಯಾರೇಜುಗಳಿಗೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಎಲ್ಲವೂ ಕಾರ್ಬೊರೇಟರ್ ಗಾಡಿಗಳೇ. ಇಂಜಿನ್ ಗಾಳಿ ಎಳೆದುಕೊಳ್ಳುವಾಗ ಆ ಎಳೆತಕ್ಕೇ ಪೆಟ್ರೋಲ್ ಹನಿಹನಿಯಾಗಿ ಬೆರೆಯುತ್ತೆ, ಅಷ್ಟೇ ವಿದ್ಯೆ. ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು, ಇಂಜಿನ್ ಸದ್ದಿಗೆ ಕಿವಿ ಕೊಟ್ಟು ಟ್ಯೂನಿಂಗ್ ಮಾಡುತ್ತಿದ್ದ. ಪಾಯಿಂಟ್ ಸುಟ್ಟಿದ್ದರೆ ಉಜ್ಜುತ್ತಿದ್ದ, ಪ್ಲಗ್ ಬಿಚ್ಚಿ ಮಸಿ ಒರೆಸುತ್ತಿದ್ದ. ಆ ಪ್ಲಗ್ಗೂ ಎಷ್ಟೋ ಸಲ ನಮ್ಮ ಬೆಂಗಳೂರಿನದೇ. 1951ರಲ್ಲಿ ಶುರುವಾದ ಮೈಕೋ ಕಂಪನಿಯ ಆಡುಗೋಡಿ ಕಾರ್ಖಾನೆ ಗೊತ್ತಲ್ಲ, 2008ರಲ್ಲಿ ಹೆಸರು ಬದಲಾಗಿ ಬಾಷ್ ಆಯ್ತು.

ತಮಾಷೆ ಏನಪ್ಪಾ ಅಂದ್ರೆ, ಕಾರ್ಬೊರೇಟರಿಗೆ ಗುಂಡಿ ತೋಡಿದ್ದರಲ್ಲೂ ಇದೇ ಬಾಷ್‌ನ ಜರ್ಮನಿಯ ಮೂಲ ಕಂಪನಿಯ ಕೈ ದೊಡ್ಡದು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಾಷ್‌ನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂತು. ಯಾಕೆ? ಶೋಕಿಗಲ್ಲ, ಹೊಗೆಗೆ. ಕ್ಯಾಲಿಫೋರ್ನಿಯಾದವರು ಕಾರಿನ ಹೊಗೆಯಿಂದ ಉಸಿರು ಕಟ್ಟಿ ಕಾನೂನು ಬಿಗಿ ಮಾಡಿದ್ದರು.

ನಮ್ಮಲ್ಲೂ ಕಂಪ್ಯೂಟರನ್ನ ಕರೆದದ್ದು ಹೊಗೆಯೇ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯ್ತು. ಸೀಸ ತಗುಲಿದರೆ ಅದು ಕೆಟ್ಟುಹೋಗುತ್ತೆ, ಹಾಗಾಗಿ ಅಲ್ಲಿ ಸೀಸರಹಿತ ಪೆಟ್ರೋಲೂ ಬಂತು. 2000ದ ಫೆಬ್ರವರಿಗೆ ಇಡೀ ದೇಶದ ಪೆಟ್ರೋಲಿನಿಂದ ಸೀಸ ಹೋಯ್ತು. ಮಕ್ಕಳ ಮೆದುಳಿಗೇ ಕುತ್ತು ತರುವ ವಿಷ ಅದು, ಹೋಗಿದ್ದು ಸಣ್ಣ ಸಂಗತಿಯಲ್ಲ. ಈ ಕನ್ವರ್ಟರ್ ಪೂರ್ತಿ ಕೆಲಸ ಮಾಡಬೇಕಾದರೆ ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ, ಹೆಚ್ಚುಕಮ್ಮಿ ಅಷ್ಟೇ ಇರಬೇಕು. ಮೇಸ್ತ್ರಿ ಎಷ್ಟೇ ಜಾಣನಿದ್ದರೂ ಸ್ಕ್ರೂ ತಿರುಗಿಸಿ ಪ್ರತಿ ಕ್ಷಣ ಈ ಲೆಕ್ಕ ಕಾಯೋಕಾಗಲ್ಲ. ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್, ಅದರ ಮಾತು ಕೇಳಿ ಪೆಟ್ರೋಲ್ ಅಳೆಯೋಕೆ ಒಂದು ಕಂಪ್ಯೂಟರ್ ಬೇಕೇ ಬೇಕಾಯ್ತು. 1998ರ ಸ್ಯಾಂಟ್ರೋ ಎಂಪಿಎಫ್‌ಐ ಜೊತೆಗೇ ಬಂತು, 2000ದಲ್ಲಿ ಮಾರುತಿ 800ಕ್ಕೂ ಬಂತು.

ಒಂದು ಕಂಪ್ಯೂಟರ್ ಬಂದ ಮೇಲೆ ನೆಂಟರನ್ನೂ ಕರೆಯಿತು. ಎಲ್ಲವೂ ಎರಡೇ ತಂತಿಯ ಮೇಲೆ ಮಾತಾಡಿಕೊಳ್ಳಲಿ ಅಂತ ಬಾಷ್ 1986ರಲ್ಲೇ ಕ್ಯಾನ್ ಅನ್ನೋ ವ್ಯವಸ್ಥೆ ತಂದಿತ್ತು. 2019ರಲ್ಲಿ ನಮ್ಮ ಸರ್ಕಾರ ಎಬಿಎಸ್, ಚಾಲಕನ ಏರ್‌ಬ್ಯಾಗ್, ಸೀಟ್‌ಬೆಲ್ಟ್ ಮತ್ತು ಸ್ಪೀಡಿನ ಎಚ್ಚರಿಕೆ, ಹಿಂಬದಿ ಸೆನ್ಸರ್ ಕಡ್ಡಾಯ ಮಾಡಿತು. ನಾವು ಬಯ್ಯುವ ಆ ಕಿರುಚಾಟದ ಹಿಂದೆ ಕಾನೂನಿದೆ, ಕಾನೂನಿನ ಹಿಂದೆ ರಸ್ತೆಯಲ್ಲಿ ಸತ್ತವರಿದ್ದಾರೆ. 2020ರಲ್ಲಿ ಬಿಎಸ್-6 ಬಂದು ಹೊಗೆಯ ನಿಯಮ ಇನ್ನೂ ಬಿಗಿಯಾಯ್ತು. 2021ರಲ್ಲಿ ಚಿಪ್ ಸಿಗದೆ ಜಗತ್ತಿನಾದ್ಯಂತ ಕಾರು ಕಾರ್ಖಾನೆಗಳೇ ನಿಂತವು ಅಂದ್ರೆ ಲೆಕ್ಕ ಹಾಕಿ.

ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ಹೊಟ್ಟೆ ಉರಿಯೋದು ಮುಂದಿನದ್ದಕ್ಕೆ.

ನಮ್ಮ ಮಾವನದೊಂದು ಡೀಸೆಲ್ ಕಾರಿದೆ. ಒಂದು ಇಂಜೆಕ್ಟರ್ ಹೋಯ್ತು. ಪರಿಚಯದ ಮೇಸ್ತ್ರಿ ಅಸಲಿ ಪಾರ್ಟನ್ನೇ ತರಿಸಿ ಹಾಕಿದ. ಗಾಡಿ ನಡುಗುತ್ತೆ, ಏರು ಹತ್ತಲ್ಲ, ಲೈಟ್ ಆರಲ್ಲ. ಹೊಸ ಇಂಜೆಕ್ಟರಿನ ಮೇಲೆ ಒಂದು ಕೋಡ್ ಇರುತ್ತೆ, ಅದನ್ನ ಕಂಪ್ಯೂಟರಿಗೆ ಬರೆಯಬೇಕು. ಮೇಸ್ತ್ರಿಯ ಸ್ಕ್ಯಾನರ್ ಓದುತ್ತೆ, ಬರೆಯೋಕೆ ಬರಲ್ಲ. "ಕಾಕಾರ, ಇಂಜಿನ್ನಿಗೆ ಏನೂ ಆಗಿಲ್ರಿ. ಒಳಗಿನ ಕಂಪ್ಯೂಟರ್ ಒಪ್ಪವಲ್ದು. ಕಂಪನಿಯವ್ರ ಹತ್ರನ ಒಯ್ರಿ" ಅಂದ. ಟೋಯಿಂಗ್ ಮಾಡಿಸಿ ಒಯ್ದದ್ದಾಯ್ತು. ಅಲ್ಲಿ ಲ್ಯಾಪ್‌ಟಾಪ್ ಚುಚ್ಚಿ ಹತ್ತು ನಿಮಿಷದಲ್ಲಿ ಟೈಪ್ ಮಾಡಿ ಮುಗಿಸಿದರು. ಕೋಡ್ ಯಾಕೆ ಬೇಕು ಅನ್ನೋದು ನನಗೆ ಅರ್ಥವಾಗುತ್ತೆ, ಪ್ರತಿ ಇಂಜೆಕ್ಟರಿನ ಅಳತೆಯಲ್ಲೂ ಕೂದಲೆಳೆ ವ್ಯತ್ಯಾಸವಿರುತ್ತೆ. ಆದರೆ ಅದನ್ನ ಬರೆಯುವ ಸಾಫ್ಟ್‌ವೇರ್ ರಾಣೆಬೆನ್ನೂರಿನ ಮೇಸ್ತ್ರಿಗೆ ಯಾಕೆ ಸಿಗಬಾರದು?

ಈ ಪ್ರಶ್ನೆ ಕೇಳಿದವರಲ್ಲಿ ನಾನೇ ಮೊದಲಿಗನಲ್ಲ. 2011ರಲ್ಲಿ ಒಬ್ಬ ಗ್ರಾಹಕರು ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು, ಬಿಡಿಭಾಗ ಮತ್ತು ತಪಾಸಣೆಯ ಉಪಕರಣ ಹೊರಗಿನ ಗ್ಯಾರೇಜಿಗೆ ಸಿಗುತ್ತಿಲ್ಲ ಅಂತ. 2014ರ ಆಗಸ್ಟಿನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು, ಇವೆಲ್ಲ ಹೊರಗೂ ಸಿಗಬೇಕು ಅಂತ ಆದೇಶಿಸಿತು. ಕಂಪನಿಗಳು ಸುಮ್ಮನಿರುತ್ತವೆಯೇ? ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲೇ ಇದಕ್ಕೊಂದು ಕಾನೂನು ಮಾಡಿತ್ತು. ನಮ್ಮಲ್ಲಿ 2022ರಲ್ಲಿ ಕೇಂದ್ರ ಸರ್ಕಾರ "ರಿಪೇರಿ ಹಕ್ಕಿ"ಗಾಗಿ ಸಮಿತಿ ಮಾಡಿತು, ವರ್ಷದ ಕೊನೆಗೆ ಒಂದು ಪೋರ್ಟಲ್ಲೂ ತೆರೆಯಿತು.

ನನ್ನ ಮಟ್ಟಿಗೆ ಇತಿಹಾಸ ಹೇಳೋದು ಇಷ್ಟು. ಕಂಪ್ಯೂಟರ್ ಬಂದದ್ದು ಹೊಗೆ ಕಡಿಮೆ ಮಾಡೋಕೆ, ಜೀವ ಉಳಿಸೋಕೆ. ಅದು ಇರಲಿ. ಎಸಿಯ ಗುಂಡಿ ಕಿತ್ತು ಸ್ಕ್ರೀನ್ ಇಟ್ಟದ್ದಕ್ಕೆ, ಮೇಸ್ತ್ರಿಯ ಕೈ ಕಟ್ಟಿದ್ದಕ್ಕೆ ಮಾತ್ರ ಯಾವ ಹೊಗೆಯ ನೆಪವೂ ಇಲ್ಲ. ಅದು ಬರೀ ವ್ಯಾಪಾರ. ಯೂರೋಪಿನ ಎನ್‌ಕ್ಯಾಪ್ ಸಂಸ್ಥೆ ಕೂಡ 2026ರ ನಿಯಮದಲ್ಲಿ ಇಂಡಿಕೇಟರ್, ವೈಪರ್, ಹಾರ್ನಿನಂಥವಕ್ಕೆ ಕೈಗೆ ಸಿಗುವ ಗುಂಡಿ ಇರಲಿ ಅಂತ ಪಟ್ಟು ಹಿಡಿದಿದೆ.

ಕಿವಿಯಿಂದ ಇಂಜಿನ್ ಓದುತ್ತಿದ್ದ ಜನಕ್ಕೆ ಲ್ಯಾಪ್‌ಟಾಪ್ ಕಲಿಯೋದೇನೂ ಕಷ್ಟವಲ್ಲ ಕಣ್ರೀ. ಬೀಗದ ಕೈ ಕೊಡಬೇಕು, ಅಷ್ಟೇ. ನಿಮ್ಮೂರಿನ ಗ್ಯಾರೇಜುಗಳ ಕಥೆ ಏನು? ನೀವೇನಂತೀರಿ?