ಕಣ್ಣೊಳಗಿನ ಬಿರುಕನ್ನು ಹುಡುಕಿದವರು



ಚಿನ್ನಿದಾಂಡು ಆಡುವಾಗ ಚಿನ್ನಿ ಹಾರಿ ಬಂದು ಒಬ್ಬ ಹುಡುಗನ ಕಣ್ಣಿಗೆ ಬಡಿಯಿತು ಎಂದುಕೊಳ್ಳಿ. ಕಣ್ಣು ಕೆಂಪಾಗುತ್ತದೆ, ನೀರು ಸುರಿಯುತ್ತದೆ. ನಾಲ್ಕೈದು ದಿನಗಳಲ್ಲಿ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಬೈಗುಳಕ್ಕೆ ಹೆದರಿದ ಹುಡುಗ ಮನೆಯಲ್ಲಿ ಏನನ್ನೂ ಹೇಳುವುದಿಲ್ಲ. ಆದರೆ ಎಷ್ಟೋ ತಿಂಗಳುಗಳ ನಂತರ ಅದೇ ಕಣ್ಣಿನ ನೋಟಕ್ಕೆ ಒಂದು ಬದಿಯಿಂದ ತೆರೆ ಎಳೆದಂತಾಗುತ್ತದೆ. ಪೆಟ್ಟು ಬಿದ್ದ ದಿನಕ್ಕೂ ದೃಷ್ಟಿ ಕುಂದಿದ ದಿನಕ್ಕೂ ಇಷ್ಟು ಅಂತರವೇಕೆ? ಇದಕ್ಕೆ ಉತ್ತರ ಹುಡುಕುವುದು ವೈದ್ಯರಿಗೆ ಸುಲಭವಾಗಿರಲಿಲ್ಲ. ಆ ಹುಡುಕಾಟದ ಇತಿಹಾಸವನ್ನು ಇಲ್ಲಿ ತಿಳಿಯೋಣ.

ನಮ್ಮ ಕಣ್ಣುಗುಡ್ಡೆಯ ಒಳಗೋಡೆಗೆ ಹೊಂದಿಕೊಂಡಂತೆ ಅಕ್ಷಿಪಟಲ ಎಂಬ ತೆಳುವಾದ ಪದರವಿದೆ. ಇದನ್ನೇ ರೆಟಿನಾ ಎನ್ನುತ್ತಾರೆ. ಬೆಳಕನ್ನು ಗ್ರಹಿಸಿ ಮಿದುಳಿಗೆ ಸಂದೇಶ ಕಳಿಸುವುದು ಇದರ ಕೆಲಸ. ಕಣ್ಣಿನ ಒಳಭಾಗವನ್ನೆಲ್ಲ ವಿಟ್ರಿಯಸ್ ಎಂಬ ಪಾರದರ್ಶಕ ಲೋಳೆ ತುಂಬಿರುತ್ತದೆ. ಅಕ್ಷಿಪಟಲದಲ್ಲಿ ಒಂದು ಸಣ್ಣ ಹರಿತವಾದರೂ ಸಾಕು, ಅದರ ಮೂಲಕ ದ್ರವ ಹಿಂದಕ್ಕೆ ಜಿನುಗಿ ಪದರವನ್ನು ಗೋಡೆಯಿಂದ ಬಿಡಿಸುತ್ತದೆ. ಮಳೆಗಾಲದಲ್ಲಿ ಗೋಡೆಯ ಬಿರುಕಿನೊಳಗೆ ನೀರು ಇಳಿದು ಗಾರೆ ಉಬ್ಬಿ ಏಳುವುದನ್ನು ನೀವು ನೋಡಿರಬಹುದು. ಇದೂ ಹಾಗೆಯೇ. ಹೀಗೆ ಕಳಚಿದ ಅಕ್ಷಿಪಟಲಕ್ಕೆ ಪೋಷಣೆ ಸರಿಯಾಗಿ ಸಿಗದೆ ಅದು ಕ್ರಮೇಣ ಶಕ್ತಿ ಕಳೆದುಕೊಳ್ಳುತ್ತದೆ. ಇದರಲ್ಲಿ ನೋವು ಇರುವುದಿಲ್ಲ ಎಂಬುದನ್ನು ನೆನಪಿಡಿ.

1851ರಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಅವರು ತಾವು ರಚಿಸಿದ ನೇತ್ರದರ್ಶಕದ ವಿವರಗಳನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಬದುಕಿರುವ ಮನುಷ್ಯನ ಕಣ್ಣಿನ ಒಳಭಾಗವನ್ನು ನೋಡುವುದು ಸಾಧ್ಯವಾಯಿತು. ಕಳಚಿದ ಅಕ್ಷಿಪಟಲವೂ ಅದರಲ್ಲಿನ ರಂಧ್ರಗಳೂ ವೈದ್ಯರ ಕಣ್ಣಿಗೆ ಬಿದ್ದವು. ಆದರೆ ರಂಧ್ರವೇ ರೋಗದ ಮೂಲ ಎಂದು ಹೆಚ್ಚಿನವರು ಒಪ್ಪಲಿಲ್ಲ. ರೋಗಿಯ ಎರಡೂ ಕಣ್ಣುಗಳಿಗೆ ಪಟ್ಟಿ ಕಟ್ಟಿ ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. ಕೆಲವರು ಕಣ್ಣಿಗೆ ಸೂಜಿ ಚುಚ್ಚಿ ಒಳಗೆ ಸೇರಿದ್ದ ದ್ರವವನ್ನು ಹೊರತೆಗೆಯುತ್ತಿದ್ದರು. ಬಿರುಕನ್ನು ಮುಚ್ಚದೆ ನೀರನ್ನಷ್ಟೇ ಒರೆಸಿದರೆ ಏನಾದೀತು? ದ್ರವ ಮತ್ತೆ ಸೇರುತ್ತಿತ್ತು. 1912ರಲ್ಲಿ ಅಮೆರಿಕದ ಕಣ್ಣಿನ ವೈದ್ಯರ ಅನುಭವವನ್ನು ಕೇಳಿ ಸಂಗ್ರಹಿಸಿದಾಗ, ಗುಣವಾಗುತ್ತಿದ್ದವರು ಸಾವಿರಕ್ಕೆ ಒಬ್ಬರು ಮಾತ್ರ ಎಂದು ತಿಳಿದುಬಂತು.

ಈ ಕತ್ತಲೆಯಲ್ಲಿ ದಾರಿ ತೋರಿದವರು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಜೂಲ್ಸ್ ಗೋನಿನ್ (1870–1935). ರಂಧ್ರವೇ ಕಾರಣ, ಅದನ್ನು ಮುಚ್ಚಿದರೆ ಮಾತ್ರ ಅಕ್ಷಿಪಟಲ ಮತ್ತೆ ಕೂರುತ್ತದೆ ಎಂಬುದು ಅವರ ವಾದ. ಅವರು ತಾಳ್ಮೆಯಿಂದ ರಂಧ್ರವನ್ನು ಹುಡುಕುತ್ತಿದ್ದರು. ಅದು ಕಣ್ಣುಗುಡ್ಡೆಯ ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಿ ಹೊರಗಿನಿಂದ ಗುರುತು ಮಾಡುತ್ತಿದ್ದರು. ನಂತರ ಕಾದ ಉಪಕರಣದಿಂದ ಆ ಜಾಗವನ್ನು ಸುಡುತ್ತಿದ್ದರು. ಸುಟ್ಟ ಗಾಯ ಮಾಯುವಾಗ ಅಕ್ಷಿಪಟಲ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಅವರ ವಾದವನ್ನು ಬಹುಕಾಲ ಬಹಳ ಜನ ನಂಬಲಿಲ್ಲ. 1929ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಬೇರೆ ದೇಶಗಳ ವೈದ್ಯರೂ ಈ ವಿಧಾನದಿಂದ ತಮಗೆ ಸಿಕ್ಕ ಯಶಸ್ಸನ್ನು ವರದಿ ಮಾಡಿದ ಮೇಲೆ ಸಂದೇಹ ಕರಗಿತು. ಸಾವಿರಕ್ಕೆ ಒಂದಾಗಿದ್ದ ಯಶಸ್ಸು ಸುಮಾರು ಅರ್ಧದಷ್ಟು ರೋಗಿಗಳಿಗೆ ಏರಿತು.

ಆದರೂ ಒಂದು ತೊಡಕು ಉಳಿದಿತ್ತು. ಪೆಟ್ಟು ಬಿದ್ದ ಕಣ್ಣಿನಲ್ಲಿ ಅಕ್ಷಿಪಟಲ ಅನೇಕ ವೇಳೆ ತನ್ನ ಮುಂಭಾಗದ ಅಂಚಿನಲ್ಲೇ ಹರಿಯುತ್ತದೆ. ಹಳೆಯ ನೇತ್ರದರ್ಶಕಕ್ಕೆ ಆ ಅಂಚು ಸರಿಯಾಗಿ ಕಾಣುತ್ತಿರಲಿಲ್ಲ. ಈ ತೊಡಕನ್ನು ನಿವಾರಿಸಿದವರು ಬೆಲ್ಜಿಯಂನ ಚಾರ್ಲ್ಸ್ ಸ್ಕೆಪೆನ್ಸ್ (1912–2006). ಎರಡನೆಯ ಮಹಾಯುದ್ಧದ ಕಾಲದಲ್ಲಿ ಇವರು ನಾಜಿಗಳಿಂದ ತಪ್ಪಿಸಿಕೊಂಡು, ಹೆಸರು ಬದಲಿಸಿ, ಫ್ರಾನ್ಸಿನ ಪಿರನೀಸ್ ಬೆಟ್ಟಗಳಲ್ಲಿ ಮರ ಕೊಯ್ಯುವ ಕಾರ್ಖಾನೆ ನಡೆಸಿದರು. ಅದರ ಮರೆಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಗಡಿ ದಾಟಿಸಿ ಕಾಪಾಡಿದರು. ಕೊನೆಗೆ ತಾವೂ ಲಂಡನ್ ಸೇರಿ, ತಲೆಗೆ ತೊಟ್ಟು ಎರಡೂ ಕಣ್ಣುಗಳಿಂದ ನೋಡಬಹುದಾದ ಹೊಸ ನೇತ್ರದರ್ಶಕವನ್ನು ರೂಪಿಸಿದರು. ಅಕ್ಷಿಪಟಲದ ಅಂಚಿನವರೆಗಿನ ಭಾಗವೆಲ್ಲ ಈಗ ಆಳ ಸಮೇತ ಕಾಣತೊಡಗಿತು. 1947ರಲ್ಲಿ ಅವರು ಅಮೆರಿಕದ ಬಾಸ್ಟನ್‌ಗೆ ಹೋಗಿ ನೆಲೆಸಿದರು.

ಇದೇ ಸಮಯದಲ್ಲಿ, 1949ರಲ್ಲಿ, ಜರ್ಮನಿಯ ಅರ್ನ್ಸ್ಟ್ ಕುಸ್ಟೋಡಿಸ್ ಹರಿತವಿರುವ ಜಾಗದಲ್ಲಿ ಕಣ್ಣುಗುಡ್ಡೆಯ ಹೊರಗಿನಿಂದ ಒಂದು ಸಣ್ಣ ಒತ್ತುಗವನ್ನಿಟ್ಟು ಹೊಲಿದರು. ಗೋಡೆಯೇ ಒಳಕ್ಕೆ ಒತ್ತಿ ಹರಿದ ಪದರವನ್ನು ತಲುಪುವಂತೆ ಮಾಡುವುದು ಇದರ ಉಪಾಯ. ಸ್ಕೆಪೆನ್ಸ್ ಮತ್ತು ಅವರ ಸಂಗಡಿಗರು, ಸೊಂಟಕ್ಕೆ ಉಡಿದಾರ ಕಟ್ಟಿದಂತೆ ಕಣ್ಣುಗುಡ್ಡೆಯ ಸುತ್ತ ಪಟ್ಟಿ ಬಿಗಿಯುವ ಕ್ರಮವನ್ನು ಬೆಳೆಸಿದರು. ಅದು ಮುಂದೆ ಸಿಲಿಕೋನ್ ಪಟ್ಟಿಯಾಯಿತು. 1970ರಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಸಣ್ಣ ರಂಧ್ರದ ಮೂಲಕ ಸೂಕ್ಷ್ಮ ಉಪಕರಣ ತೂರಿಸಿ ವಿಟ್ರಿಯಸ್ ಲೋಳೆಯನ್ನೇ ಕತ್ತರಿಸಿ ಹೀರಿ ತೆಗೆಯುವುದು ಅವರಿಂದ ಸಾಧ್ಯವಾಯಿತು.

ಈ ವಿದ್ಯೆ ನಮ್ಮ ನೆರೆಗೂ ಬಂತು. ಬಾಸ್ಟನ್‌ನಲ್ಲಿ ಸ್ಕೆಪೆನ್ಸ್ ಅವರ ಬಳಿ ತರಬೇತಿ ಪಡೆದ ಡಾ. ಎಸ್. ಎಸ್. ಬದರಿನಾಥ್ ಭಾರತಕ್ಕೆ ಮರಳಿ 1978ರಲ್ಲಿ ಚೆನ್ನೈಯಲ್ಲಿ ಶಂಕರ ನೇತ್ರಾಲಯವನ್ನು ಸ್ಥಾಪಿಸಿದರು.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಮಕ್ಕಳ ಕಣ್ಣಿನಲ್ಲಿ ವಿಟ್ರಿಯಸ್ ಲೋಳೆ ಗಟ್ಟಿಯಾಗಿರುತ್ತದೆ. ಅಂಚು ಹರಿದರೂ ಈ ಲೋಳೆ ಬಿರಡೆಯಂತೆ ಅಡ್ಡ ನಿಲ್ಲುವುದರಿಂದ ದ್ರವ ನಿಧಾನವಾಗಿ ಜಿನುಗುತ್ತದೆ. ಪೆಟ್ಟಿನಿಂದ ಅಕ್ಷಿಪಟಲ ಕಳಚಿದ ರೋಗಿಗಳನ್ನು ಕುರಿತು ಸ್ಕೆಪೆನ್ಸ್ ಮತ್ತು ಸಹೋದ್ಯೋಗಿಗಳು 1966ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೆಟ್ಟು ಬಿದ್ದ ಕೂಡಲೇ ಪತ್ತೆಯಾದವು ಶೇಕಡಾ 12 ಮಾತ್ರ. ಎಂಟು ತಿಂಗಳಾದರೂ ಪತ್ತೆಯಾದದ್ದು ಅರ್ಧದಷ್ಟು. ಶೇಕಡಾ 80ರಷ್ಟು ಪತ್ತೆಯಾಗಲು ಎರಡು ವರ್ಷ ಬೇಕಾಯಿತು. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರ ಕೊರತೆ ಮಗುವಿಗೆ ಗೊತ್ತೇ ಆಗುವುದಿಲ್ಲ.

ಮಕ್ಕಳಿಗೆ ಶಸ್ತ್ರಚಿಕಿತ್ಸೆಯೂ ಸುಲಭವಲ್ಲ. ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಎಳೆಯ ಕಣ್ಣಿನಲ್ಲಿ ಲೋಳೆ ಅಕ್ಷಿಪಟಲಕ್ಕೆ ಬಲವಾಗಿ ಅಂಟಿರುವುದರಿಂದ ಅದನ್ನು ಬಿಡಿಸುವುದು ಕಷ್ಟ. ಕಣ್ಣಿಗೆ ಅನಿಲ ತುಂಬಿದರೆ ವೈದ್ಯರು ಹೇಳಿದ ಭಂಗಿಯಲ್ಲೇ ದಿನಗಟ್ಟಲೆ ಇರಬೇಕು. ಐದು ವರ್ಷದ ಮಗು ಹಾಗೆ ಇದ್ದೀತೆ? ಆದ್ದರಿಂದ ಅಂಚು ಮಾತ್ರ ಹರಿದಿದ್ದರೆ ಹೊರಗಿನಿಂದ ಪಟ್ಟಿ ಬಿಗಿಯುವ ಹಳೆಯ ಕ್ರಮವೇ ಇಂದಿಗೂ ಮಕ್ಕಳಿಗೆ ಒಗ್ಗುತ್ತದೆ. ತಡವಾದರೆ ಅಕ್ಷಿಪಟಲದ ಮೇಲೆ ಕಲೆಯ ಪೊರೆ ಬೆಳೆದು ಅದನ್ನು ಸುಕ್ಕುಗಟ್ಟಿಸುತ್ತದೆ. ಮಕ್ಕಳಲ್ಲಿ ಈ ಪೊರೆ ಬೆಳೆಯುವುದು ಹೆಚ್ಚು. ಏಳೆಂಟು ವರ್ಷದೊಳಗಿನ ಮಕ್ಕಳಲ್ಲಿ ನೋಡುವುದನ್ನು ಮಿದುಳು ಇನ್ನೂ ಕಲಿಯುತ್ತಿರುತ್ತದೆ. ಆಗ ಕಣ್ಣು ಬಹುಕಾಲ ಮಸುಕಾಗಿದ್ದರೆ, ಅಕ್ಷಿಪಟಲ ಮತ್ತೆ ಅಂಟಿದರೂ ನೋಟ ಪೂರ್ತಿ ಮರಳದೆ ಹೋಗಬಹುದು.

ಹೀಗಾಗಿ ನೀವು ಮಾಡಬೇಕಾದ ಕೆಲಸವಿದೆ. ನಿಮಗಾಗಲಿ ನಿಮ್ಮ ತಮ್ಮ ತಂಗಿಯರಿಗಾಗಲಿ ಚೆಂಡು, ಕಲ್ಲು, ಪಟಾಕಿ ಯಾವುದರಿಂದ ಕಣ್ಣಿಗೆ ಪೆಟ್ಟು ಬಿದ್ದರೂ ಅಂದೇ ಹಿರಿಯರಿಗೆ ತಿಳಿಸಿ. ಕಣ್ಣನ್ನು ಉಜ್ಜಬೇಡಿ, ಒತ್ತಬೇಡಿ. ಚುಚ್ಚಿಕೊಂಡ ವಸ್ತುವನ್ನು ಕೀಳಬೇಡಿ. ಪಾಪೆ ಹಿಗ್ಗಿಸುವ ಹನಿ ಹಾಕಿ ಅಂಚಿನವರೆಗೂ ಪರೀಕ್ಷಿಸಬಲ್ಲ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಅವರು ಮತ್ತೆ ಬರಲು ಹೇಳಿದ ದಿನ, ಕಣ್ಣು ಸರಿಯಾಗಿದೆ ಎನಿಸಿದರೂ ತಪ್ಪಿಸಬೇಡಿ. ಮಿಂಚಿನಂಥ ಬೆಳಕು, ತೇಲುವ ಕಪ್ಪು ಚುಕ್ಕೆಗಳು, ಬದಿಯಿಂದ ಇಳಿಯುವ ತೆರೆ ಇವು ಅಪಾಯದ ಸೂಚನೆಗಳು. ಪೆಟ್ಟು ತಿಂದ ಮಗುವಿನ ಒಂದೊಂದೇ ಕಣ್ಣನ್ನು ಮುಚ್ಚಿಸಿ ಗೋಡೆಯ ಕ್ಯಾಲೆಂಡರನ್ನು ಆಗಾಗ ಓದಿಸಿ ನೋಡಿ. ಬಿರುಕನ್ನು ಕಂಡುಹಿಡಿಯುವ ಉಪಕರಣ ವೈದ್ಯರಲ್ಲಿದೆ. ಆದರೆ ಕಣ್ಣಿಗೆ ಪೆಟ್ಟು ಬಿದ್ದಿದೆ ಎಂದು ಅವರಿಗೆ ಯಾರಾದರೂ ಹೇಳಬೇಕು.