ಆಲಿಕಲ್ಲು

‘ಕಣ್ಣಾಲಿ’ಯಲ್ಲಿ ಕಣ್ಣಗುಡ್ಡೆಯನ್ನು ಹೇಳುವ ‘ಆಲಿ’ಯೇ ಇಲ್ಲಿಯೂ ಕೇಳಿಬರುವಂತಿದ್ದರೂ, ತಮಿಳಿನಲ್ಲಿಯೂ ಆಲಿಯೆಂಬುದಕ್ಕೆ ಮಳೆಹನಿ, ಆಲಿಕಲ್ಲು ಎಂಬ ಅರ್ಥಗಳಿರುವುದನ್ನು ನೋಡಿದರೆ, ಇದು ಬೇರೆಯೇ ಆದ ಪ್ರಾಚೀನ ದ್ರಾವಿಡ ಶಬ್ದವೆಂದೂ, ‘ಕಲ್ಲು’ ಅದರ ಕಾಠಿನ್ಯವನ್ನು ಸ್ಫುಟಗೊಳಿಸಲು ಬಂದು ಸೇರಿತೆಂದೂ ನನಗೆ ತೋರುತ್ತದೆ. ಸಂಸ್ಕೃತದ ಕರಕ, ವರ್ಷೋಪಲಗಳು ಗ್ರಂಥಗಳಲ್ಲಿಯೇ ಉಳಿದುವು. ವೈಶಾಖದ ಸಂಜೆ ಹೆಂಚಿನ ಮೇಲೆ ಪಟಪಟನೆ ಬಿದ್ದು, ಅಂಗಳದ ಮಕ್ಕಳ ಅಂಗೈಯಲ್ಲಿ ಕರಗುವುದು ಆಲಿಕಲ್ಲೇ. ಸೀಳಿ ನೋಡಿದರೆ ಈರುಳ್ಳಿಯಂತೆ ಪದರಪದರ: ಗುಡುಗುಮೋಡದೊಳಗೆ ಮೇಲಕ್ಕೇರುವ ಗಾಳಿ ಅದನ್ನು ಎತ್ತಿ ಹಿಡಿದಷ್ಟು ಹೊತ್ತೂ ಮಂಜಿನ ಲೇಪವೇರುತ್ತದೆ, ಆದುದರಿಂದಲೇ ಮುನ್ಸೂಚನೆ ನೀಡುವವರು ಆ ಗಾಳಿಯ ಬಲವನ್ನು ಮೊದಲು ಅಂದಾಜಿಸುವರು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯು 1 ಅಂಗುಲ ವ್ಯಾಸದ ಆಲಿಕಲ್ಲನ್ನು, ಇಲ್ಲವೆ ಗಂಟೆಗೆ 58 ಮೈಲಿ ವೇಗದ ಗಾಳಿಯನ್ನು ತೀವ್ರ ಗುಡುಗುಮಳೆಯ ಗಡಿಯೆಂದು ಎಣಿಸುತ್ತದೆ. ವಿಜಯಪುರದ ದ್ರಾಕ್ಷಿತೋಟಗಳಿಗಾದರೋ ಅದಕ್ಕಿಂತ ಚಿಕ್ಕದೇ ಸಾಕು.